ಲಿಫ್ಟಿನ ಬಾಗಿಲು ನೋಡ್ಕೊಳ್ಳಿ

ಅಲ್ಲಾರೀ, ನಿಮ್ಮ ಮಗಳ ಅಪಾರ್ಟ್‌ಮೆಂಟಲ್ಲಿ ಲಿಫ್ಟ್ ಮತ್ತೆ ಕೆಟ್ಟಿದೆ ಅಂದ್ರಲ್ಲ, ಆಗಿಂದ ಮನಸ್ಸಲ್ಲಿ ಅದೇ ಕೊರೀತಿದೆ. ನೀವು ಹೆದರೋದು ಹಗ್ಗ ಕಿತ್ತುಹೋಗುತ್ತೆ ಅಂತ. ನಮ್ಮತ್ತೆಗೂ ಅದೇ ಭಯ, ಮಂಡಿನೋವಲ್ಲೂ ಮೆಟ್ಟಿಲೇ ಹತ್ತೋರು. ಆ ಭಯಕ್ಕೆ ಮದ್ದು ಸಿಕ್ಕಿ ನೂರ ಎಪ್ಪತ್ತು ವರ್ಷ ಆಯ್ತು. 1854ರಲ್ಲಿ ನ್ಯೂಯಾರ್ಕಿನ ವಸ್ತುಪ್ರದರ್ಶನದಲ್ಲಿ ಎಲೀಷಾ ಓಟಿಸ್ ತಾನೇ ಲಿಫ್ಟಿನ ಹಲಗೆ ಮೇಲೆ ನಿಂತು, ಜನರೆದುರಿಗೇ ಹಗ್ಗ ಕಡಿಸಿದ. ಹಲಗೆ ಒಂಚೂರು ಜಾರಿ, ಅಲ್ಲೇ ಕಚ್ಕೊಂಡು ನಿಂತುಬಿಡ್ತು. ಈಗಂತೂ ಉಕ್ಕಿನ ಹಗ್ಗಗಳೇ ಹಲವು. ಅದರ ಮೇಲೆ ವೇಗ ಮಿತಿ ಮೀರಿದ್ರೆ ಗವರ್ನರ್ ಅನ್ನೋ ಸಾಧನ ಎಚ್ಚೆತ್ತು ಸೇಫ್ಟಿ ಗೇರ್ ಎಳೆಯುತ್ತೆ, ಅದು ಹಳಿಯನ್ನ ಬಿಗಿಯಾಗಿ ಹಿಡ್ಕೊಳ್ಳುತ್ತೆ.

ಜೀವ ಹೋಗೋದು ಬಾಗಿಲ ಹತ್ರ ಕಣ್ರೀ. ಬಾಗಿಲು ತೆರೆಯುತ್ತೆ, ಲಿಫ್ಟ್ ಬೇರೆ ಮಹಡೀಲಿರುತ್ತೆ, ಫೋನ್ ನೋಡ್ತಾ ಬಂದವರು ಕಾಲಿಟ್ಟೇಬಿಡ್ತಾರೆ. ಹೀಗಾಗಬಾರದು ಅಂತಲೇ ಪ್ರತಿ ಮಹಡಿಯ ಬಾಗಿಲಿಗೂ ಇಂಟರ್‌ಲಾಕ್ ಇರೋದು. ಲಿಫ್ಟ್ ಆ ಮಹಡಿಗೆ ಬಾರದೆ ಬಾಗಿಲು ತೆರೆಯೋಹಾಗಿಲ್ಲ, ಬಾಗಿಲು ಪೂರ್ತಿ ಮುಚ್ಚದೆ ಲಿಫ್ಟ್ ಕದಲೋಹಾಗಿಲ್ಲ. ಅದರ ಕಾಂಟ್ಯಾಕ್ಟಿಗೆ ಧೂಳು ಕೂತ್ರೆ ಲಿಫ್ಟ್ ಪದೇಪದೇ ನಿಲ್ಲುತ್ತೆ. ಮನೆಯವರೆಲ್ಲ ಕೂಗಾಡ್ತಾರೆ. ಬಂದ ಮೆಕ್ಯಾನಿಕ್ ಗೇಣುದ್ದ ವೈರ್ ತುಂಡು ಸಿಕ್ಕಿಸಿ ಬೈಪಾಸ್ ಮಾಡಿ ಹೋಗ್ತಾನೆ. ಲಿಫ್ಟ್ ಸಲೀಸಾಗಿ ಓಡುತ್ತೆ, ಎಲ್ಲರಿಗೂ ಸಮಾಧಾನ. ನನಗೆ ಮೈ ಉರಿಯೋದು ಅಲ್ಲೇ. ಆ ವೈರಿಗಿಂತ ಕೆಟ್ಟು ನಿಂತ ಲಿಫ್ಟೇ ವಾಸಿ.

ಇನ್ನೊಂದು, ಆ ತ್ರಿಕೋನದ ಕೀಲಿ. ಹೊರಗಿನ ಬಾಗಿಲು ತೆಗೆಯೋದಕ್ಕೆ ಅಂತ ಅದನ್ನ ವಾಚ್‌ಮನ್ ಕೈಗೆ ಕೊಟ್ಟಿರ್ತಾರೆ. ಕರೆಂಟ್ ಹೋಗಿ ಲಿಫ್ಟ್ ಎರಡು ಮಹಡಿ ಮಧ್ಯೆ ನಿಂತ್ರೆ, ಬಾಗಿಲು ತೆಗೆದು ‘ಹಾರಿ, ಹಾರಿ’ ಅಂತಾನೆ ಪಾಪ, ಒಳ್ಳೇ ಮನಸ್ಸಿಂದಲೇ. ಆದ್ರೆ ಲಿಫ್ಟಿನ ತಳದ ಕೆಳಗೆ ಬಾಯ್ಬಿಟ್ಟ ಗುಂಡಿ ಇರುತ್ತೆ, ಇಳಿಯೋವಾಗ ಹಿಂದಕ್ಕೆ ಜಾರಿದ್ರೆ ನೇರ ಅದರೊಳಕ್ಕೇ. ಒಳಗೆ ಗಾಳಿಗೆ ಕಿಂಡಿ ಇರುತ್ತೆ, ಉಸಿರು ಕಟ್ಟಲ್ಲ. ಬೆಲ್ ಒತ್ತಿ ಕೂತಿರೋದೇ ಕ್ಷೇಮ ಅಂತ ಮೊಮ್ಮಕ್ಕಳಿಗೂ ಹೇಳಿಕೊಡಿ.

ಸಾಮಾನಿನ ಲಿಫ್ಟ್ ಕಥೆ ಇನ್ನೂ ಘೋರ. ಮೊನ್ನೆ ಮದುವೆಗೆ ಹೋದ ಛತ್ರದಲ್ಲಿ ಸಾಂಬಾರ್ ಹಂಡೆ ಜೊತೆ ಬಡಿಸೋ ಹುಡುಗ ಮುದುರಿ ಕೂತಿದ್ದ. ‘ಜನರು ಹತ್ತಬಾರದು’ ಅಂತ ಪಕ್ಕದಲ್ಲೇ ಬರೆದಿದೆ, ಗ್ರಿಲ್ ಗೇಟ್ ಅರ್ಧ ತೆರೆದೇ ಇದೆ. ಕೈಯೋ ಕಾಲೋ ಹೊರಗೆ ಬಂದ್ರೆ ಮುಗೀತು. ಲಿಫ್ಟ್ ಎಲ್ಲಿದೆ ಅಂತ ತಲೆ ಒಳಗೆ ಹಾಕಿ ಇಣುಕೋರೂ ಇದ್ದಾರೆ. ಅಡುಗೆಯವರಿಗೆ ಹೇಳಿ ಅವನನ್ನ ಇಳಿಸಿದೆ. ಮುಂದಿನ ಪಂಕ್ತಿಗೆ ಅದರೊಳಗೆ ಯಾರು ಕೂತರೋ.

ಭಾರದ ವಿಚಾರಾನೂ ಅಷ್ಟೆ. ತಲೆಗೆ 68 ಕೆಜಿ ಲೆಕ್ಕ, ಎಂಟು ಜನರ ಲಿಫ್ಟ್ ಅಂದ್ರೆ 544 ಕೆಜಿ. ಮನೆ ಬದಲಾಯಿಸೋವಾಗ ಗ್ರಾನೈಟ್ ಚಪ್ಪಡಿ ತುಂಬೋರು ಈ ಲೆಕ್ಕ ಹಾಕಲ್ಲ.

ಕಾನೂನು ಇಲ್ಲ ಅನ್ನೋಹಾಗಿಲ್ಲ. ಮುಂಬೈಯಲ್ಲಿ 1939ರಲ್ಲೇ ಲಿಫ್ಟ್ ಕಾಯ್ದೆ ಬಂತು. ನಮ್ಮಲ್ಲೂ 2012ರ ಕಾಯ್ದೆ ಇದೆ. ಲಿಫ್ಟ್ ಕೂರಿಸೋಕೆ ಅನುಮತಿ ಬೇಕು, ನಡೆಸೋಕೆ ಪರವಾನಗಿ ಬೇಕು, ಪರಿಶೀಲನೆಗೆ ವಿದ್ಯುತ್ ಪರಿವೀಕ್ಷಣಾಲಯ ಇದೆ. ಕಾಗದ ಸರಿಯಿದ್ರೂ ಆ ವೈರ್ ತುಂಡು ಇದೆಯೋ ಇಲ್ಲವೋ ದಿನಾ ನೋಡೋಕೆ ಅವರು ಬರಲ್ಲವಲ್ಲ.

ಭಾನುವಾರ ಅಸೋಸಿಯೇಷನ್ ಮೀಟಿಂಗ್ ಅಂದ್ರಲ್ಲ, ಅಳಿಯಂದಿರು ಖರ್ಚಿನ ಮಾತು ಆಮೇಲೆ ಎತ್ತಲಿ. ಮೆಕ್ಯಾನಿಕ್ ಬಂದು ಏನು ಮಾಡಿ ಹೋದ ಅಂತ ರಿಜಿಸ್ಟರಲ್ಲಿ ಬರೆಸಿದ್ದಾರಾ, ಆ ಕೀಲಿ ಯಾರ ಹತ್ರ ಇದೆ, ಇವೆರಡನ್ನ ಮೊದಲು ಕೇಳಲಿ.