ಮೆಥಡಾಲಜಿ ಭಾವ

ಸಕಲೇಶಪುರ, ಆಲೂರು ಕಡೆಯ ತೋಟದವರು ಕಾಂಡಕೊರಕಕ್ಕೂ ಕಾಡಾನೆಗೂ ಹೇಗೋ ಒಗ್ಗಿಕೊಂಡಿದ್ದೇವೆ. ಊರಿಗೊಬ್ಬರಂತೆ ಇರುವ ಮೆಥಡಾಲಜಿಯವರಿಗೆ ಮಾತ್ರ ಇನ್ನೂ ಮದ್ದು ಸಿಕ್ಕಿಲ್ಲ. ನನ್ನ ಪಾಲಿಗೆ ಬಂದವರು ಹೆಂಡತಿಯ ಅಣ್ಣ. ಕಡುಬು ಬೇಯಿಸುವುದಿರಲಿ, ನಾಯಿಗೆ ಸ್ನಾನ ಮಾಡಿಸುವುದಿರಲಿ, “ಅದಕ್ಕೊಂದು ಮೆಥಡಾಲಜಿ ಇದೆ” ಅಂದರೆಂದರೆ ಕೆಲಸ ಅಲ್ಲಿಗೆ ನಿಂತಿತು. ಹೂಮಳೆ ಬಿದ್ದ ರಾತ್ರಿ ಫೋನು ಮಾಡಿ “ಎಷ್ಟು ಸೆಂಟು ಭಾವ?” ಅಂದರೆ ಮಳೆ ಅಳೆಯುವ ಕ್ರಮವನ್ನೆಲ್ಲ ವಿವರಿಸುತ್ತಾರೆ, ಮಳೆ ಎಷ್ಟು ಬಿತ್ತೆಂದು ಮಾತ್ರ ಹೇಳುವುದಿಲ್ಲ.

ಮುಂಗಾರಿಗೆ ಮುಂಚೆ ಮೆಣಸಿನ ಬಳ್ಳಿಗೆ ಬೋರ್ಡೋ ದ್ರಾವಣ ಹೊಡೆಸುವ ದಿನ ಬಂದೇಬಿಟ್ಟರು. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಇಷ್ಟಕ್ಕೇ ಭಾವ ಹಾಳೆ ತುಂಬ ಬಾಣ ಎಳೆದು ಹಂತ ಬರೆದರು. ಆಳುಗಳು ಎಲೆಯಡಿಕೆ ಹಾಕಿಕೊಂಡು ಕೂತರು. ಕೊನೆಗೆ ಮೇಸ್ತ್ರಿಯೇ ಸುಣ್ಣದ ನೀರಿಗೆ ತುತ್ತದ ನೀರು ಹುಯ್ದು, ಕಲಕಿ, ಕತ್ತಿಯ ಅಲಗು ಅದ್ದಿ ನೋಡಿದ.

“ಇದ್ಯಾಕ್ ಮೇಸ್ತ್ರಿ?”

“ಅಲಗು ಕೆಂಪಾದ್ರೆ ಸುಣ್ಣ ಸಾಲ್ದು ಅಂತ ಗೌಡ್ರೆ. ಹಂಗೇ ಹೊಡುದ್ರೆ ಎಲೆ ಸುಟ್ಟೋಯ್ತದೆ.”

ಭಾವನ ಹಾಳೆಯಲ್ಲಿ ಹಂತಗಳೆಲ್ಲ ಇದ್ದವು, ಈ ‘ಯಾಕೆ’ ಒಂದಿರಲಿಲ್ಲ. ಮೆಥಡಾಲಜಿ ಅಂದರೆ ಆ ಯಾಕೆಯೇ. ಎಂ.ಎ.ಯಲ್ಲಿ ಅದೇ ಹೆಸರಿನ ಪತ್ರಿಕೆ ಬರೆದು ಪಾಸಾದ ನನಗೂ ಅಷ್ಟು ಚುಟುಕಾಗಿ ಹೇಳಲು ಬರುತ್ತಿರಲಿಲ್ಲ. ಬೋರ್ಡೋ ಹುಟ್ಟಿದ್ದೂ ಹೀಗೇ. ಫ್ರಾನ್ಸಿನಲ್ಲಿ ಕಳ್ಳರು ಮುಟ್ಟದಿರಲೆಂದು ರಸ್ತೆ ಬದಿಯ ದ್ರಾಕ್ಷಿಗೆ ತುತ್ತ, ಸುಣ್ಣ ಎರಚುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ಬೂಜುರೋಗ ತಗುಲದ್ದನ್ನು ಕಂಡ ಸಸ್ಯವಿಜ್ಞಾನಿ ಮಿಲಾರ್ಡೆ, ಯಾಕೆಂದು ಪ್ರಯೋಗ ಮಾಡಿ ನೋಡಿ 1885ರಲ್ಲಿ ಪ್ರಕಟಿಸಿದ. ಇದನ್ನು ಹೇಳಿದರೆ ಭಾವ, “ನಾನು ಬೆಳಗಿಂದ ಬಡ್ಕೊಳ್ತಿರೋದೂ ಅದೇ ಮಾರಾಯ” ಅಂದರು.

ಆದರೂ ಗದ್ದೆಗೆ ಆನೆ ಇಳಿದ ರಾತ್ರಿ ಟಾರ್ಚು ಹಿಡಿದು ಮೊದಲು ಬರುವವರು ಅವರೇ, ಪಟಾಕಿಗೊಂದು ಮೆಥಡಾಲಜಿ ಸಮೇತ. ಓರಗೆಯವರು ತೋಟ ಮಾರಿ ಬೆಂಗಳೂರು ಸೇರಿದಾಗ ಇವರು ಬೆಂಗಳೂರು ಬಿಟ್ಟು ಬಂದರು. ಮೇಸ್ತ್ರಿಗೆ ಈಗ ಕೈ ನಡುಗುತ್ತದೆ, ಅವನ ಮಕ್ಕಳ್ಯಾರೂ ತೋಟದ ಕೆಲಸಕ್ಕಿಲ್ಲ. ಕತ್ತಿ ಅದ್ದುವ ಕೆಲಸ ಭಾವನದಾಗಿದೆ. ಅದ್ದುವ ಮುಂಚೆ ಭಾಷಣ ಉಂಟು.

ಕಲಸಿದ ಬೋರ್ಡೋ ಅವತ್ತೇ ಹೊಡೆದು ಮುಗಿಸಬೇಕು, ಇಟ್ಟರೆ ಕೆಡುತ್ತದೆ. ಭಾವನನ್ನು ಕರೆಸುವವರು ಬೆಳಕು ಹರಿಯುವ ಮುಂಚೆಯೇ ಕರೆಸಿಕೊಳ್ಳಿ.