ಕಿಂಡಿ ಕಳೆದುಕೊಂಡ ಹೊಸ ಕ್ಯಾಮೆರಾ

ಹೊಸ ಕ್ಯಾಮೆರಾದ ಹುಚ್ಚು ಹಿಡಿದವನಿಗೆ ಕೈಯಲ್ಲಿರುವುದರಲ್ಲಿ ದಿನಕ್ಕೊಂದು ಐಬು ಕಾಣತೊಡಗುತ್ತದೆ. ನನ್ನದು 2015ರ ನಿಕಾನ್ ಡಿ7200. ಕಣ್ಣು ಬಿದ್ದದ್ದು 2017ರ ಡಿ7500 ಮೇಲೆ. ಹೊಸದು ಅಂದಮೇಲೆ ಎಲ್ಲ ಹೆಚ್ಚಿರಬೇಕಲ್ಲ? ಹಳೆಯದರಲ್ಲಿ 24 ಮೆಗಾಪಿಕ್ಸೆಲ್, ಹೊಸದರಲ್ಲಿ 21ಕ್ಕೂ ಕೊಂಚ ಕಡಿಮೆ! ಎರಡಿದ್ದ ಕಾರ್ಡಿನ ಕಿಂಡಿ ಒಂದಾಗಿದೆ. ಸಂಬಳ ಇಳಿಸಿ ಬಡ್ತಿ ಕೊಟ್ಟ ಹಾಗೆ.

ಆದರೆ ಅದರ ಪರದೆಯನ್ನು ಮೇಲಕ್ಕೆ ವಾಲಿಸಬಹುದು. ನೆಲಕ್ಕೆ ಮಲಗಿ ಹೂವಿನ ಚಿತ್ರ ತೆಗೆದು, ಏಳಲು ಆಸರೆ ಹುಡುಕುವ ನನ್ನ ವಯಸ್ಸಿನವರಿಗೆ ಇದು ನಿಜವಾದ ಆಮಿಷ. ಮನೆಯಲ್ಲಿ ಮಾತ್ರ ಬೇರೆ ಕಾರಣ ಹೇಳಿದೆ: ಹಳೆಯದು ಸೆಕೆಂಡಿಗೆ 6 ಚಿತ್ರ ತೆಗೆದರೆ ಇದು 8.

"ರಂಗನತಿಟ್ಟಿನ ಕೊಕ್ಕರೆ ಸೆಕೆಂಡಿಗೆ ಎಂಟು ಭಂಗಿ ಕೊಡುತ್ತೇನ್ರೀ?" ಎಂದಳು ನನ್ನವಳು. ಎಲ್ಲಿ ಕೊಡುತ್ತೆ! ಒಂಟಿಕಾಲಲ್ಲಿ ನಿಂತದ್ದು ನಿಂತೇ ಇರುತ್ತದೆ.

ಇತ್ತ ಬಹುತೇಕ ಕಂಪನಿಗಳು ಒಳಗೆ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳ ಕಡೆ ಹೊರಳಿವೆ. 2020ರ ಡಿ6 ಬಳಿಕ ನಿಕಾನ್ ಈ ಎರಡರಂಥ, ಕನ್ನಡಿಯಿರುವ ಹೊಸ ಡಿಎಸ್‌ಎಲ್‌ಆರ್ ತಂದೇ ಇಲ್ಲ. ಹಾಗಾಗಿ ದುಡ್ಡಿದ್ದರೆ ಹಳೆಯದಕ್ಕೇ ಒಳ್ಳೆಯ ಲೆನ್ಸ್ ಕೊಳ್ಳುವುದೇ ಸರಿ ಎಂದು ತೀರ್ಮಾನಿಸಿದ್ದೇನೆ. ಅಂದಹಾಗೆ, ನಿಮ್ಮಲ್ಲಿ ಯಾರ ಹತ್ತಿರವಾದರೂ ಡಿ7500 ಇದ್ದರೆ, ಒಂದು ಭಾನುವಾರದ ಮಟ್ಟಿಗೆ ಕೊಟ್ಟಿರಿ.