ಒಂದು ದಿನವೂ ತಡೆಯಲಾಗದ ನಿಮಗೆ

ಬ್ರೆಜಿಲ್‌ನ ಮಾಜಿ ಅಧ್ಯಕ್ಷ ಜೈರ್ ಬೊಲ್ಸೊನಾರೊ ಸಾಹೇಬರಿಗೆ, ಶಹಾಬಾದಿನ ಮತದಾರನೊಬ್ಬನ ಶರಣು.

ಸೋತ ಮೇಲೂ ಬಲದಿಂದ ಕುರ್ಚಿ ಉಳಿಸಿಕೊಳ್ಳಲು ಹೂಡಿದ ಸಂಚಿಗೆ ನಿಮಗೆ 27 ವರ್ಷ 3 ತಿಂಗಳ ಸಜೆ ಆಯಿತೆಂಬ ಸುದ್ದಿಯನ್ನು 2025ರ ಸೆಪ್ಟೆಂಬರಿನಲ್ಲಿ ಓದಿ ಮರುಕ ಬಂತು. ಸಜೆಗಲ್ಲ, ನಿಮ್ಮ ಕೆಲಸದ ಗುಣಮಟ್ಟಕ್ಕೆ. 2022ರ ಅಕ್ಟೋಬರ್ 30ರಂದು ಅಧ್ಯಕ್ಷ ಚುನಾವಣೆಯಲ್ಲಿ ನಿಮ್ಮ ಎದುರಾಳಿ ಲೂಲಾ ಗೆದ್ದರು, 2023ರ ಜನವರಿ 1ಕ್ಕೆ ಪ್ರಮಾಣವಚನ. ನಡುವೆ ಪೂರಾ ಎರಡು ತಿಂಗಳು ನಿಮ್ಮ ಕೈಯಲ್ಲಿತ್ತು. ಅಷ್ಟರಲ್ಲಿ ನಿಮ್ಮವರು ಮಾಡಿದ್ದೇನು? ಲೂಲಾ, ಅವರ ಜೊತೆ ಗೆದ್ದ ಉಪಾಧ್ಯಕ್ಷ, ಒಬ್ಬ ನ್ಯಾಯಮೂರ್ತಿ, ಈ ಮೂವರನ್ನೂ ಮುಗಿಸುವ ಯೋಜನೆಯನ್ನು ಒಬ್ಬ ಜನರಲ್ ಸಾಹೇಬರು ಟೈಪು ಮಾಡಿ, ಅಧ್ಯಕ್ಷರ ಅರಮನೆಯ ಪ್ರಿಂಟರಿನಲ್ಲೇ ತೆಗೆದರು. ಕೋರ್ಟು ಕೇಳಿದರೆ, ಅದು ನನ್ನ ಸ್ವಂತ ವಿಚಾರ, ಯಾರಿಗೂ ತೋರಿಸಿಲ್ಲ ಅಂದರು. ಭೂಸೇನೆ, ವಾಯುಸೇನೆಗಳ ಮುಖ್ಯಸ್ಥರು ಕೈ ಜೋಡಿಸಲಿಲ್ಲ. ಪ್ರಮಾಣವಚನಕ್ಕೆ ಎರಡು ದಿನ ಇರುವಾಗ ನೀವು ಫ್ಲಾರಿಡಾದ ವಿಮಾನ ಹತ್ತಿದಿರಿ. ಕಡೆಗೆ, ಸಜೆಯಾದ ಮೇಲೆ, ಕಾಲಿಗೆ ಕಟ್ಟಿದ್ದ ನಿಗಾ ಯಂತ್ರವನ್ನು ಬೆಸುಗೆ ಸಾಧನದಿಂದ ಸುಟ್ಟು, ಕುತೂಹಲಕ್ಕೆ ಹಾಗೆ ಮಾಡಿದೆ ಎಂದಿರಿ. ಇಷ್ಟೆಲ್ಲ ಮಾಡಿದರೂ ಲೂಲಾ ಒಂದು ದಿನವೂ ತಡವಾಗಿ ಕುರ್ಚಿ ಹತ್ತಲಿಲ್ಲ!

ಮೊದಲೇ ನಮ್ಮ ಕಡೆ ಬಂದು ಕೇಳಬೇಕಿತ್ತು, ಸಾಹೇಬರೇ.

ಬಲದಿಂದ ಕುರ್ಚಿ ಕಸಿಯುವುದನ್ನು ನಾವು ಸಾವಿರದ ಇನ್ನೂರು ವರ್ಷಗಳ ಹಿಂದೆಯೇ ನೋಡಿ ಬಿಟ್ಟಿದ್ದೇವೆ. ಸೇಡಂ ತಾಲೂಕಿನ ಮಳಖೇಡವನ್ನು ರಾಜಧಾನಿ ಮಾಡಿಕೊಂಡ ಅಮೋಘವರ್ಷ ನೃಪತುಂಗ 814ರಲ್ಲಿ ಪಟ್ಟವೇರಿದಾಗ ಇನ್ನೂ ಹುಡುಗ. ನಾಲ್ಕಾರು ವರ್ಷದೊಳಗೆ ಸಾಮಂತರು ದಂಗೆ ಎದ್ದು ಕೆಳಗಿಳಿಸಿದರು. ಗುಜರಾತಿನ ಕಡೆಯ ದಾಯಾದಿ ಕರ್ಕ ದಂಗೆಕೋರರನ್ನು ಬಡಿದು, 821ರ ಹೊತ್ತಿಗೆ ಹುಡುಗನನ್ನು ತಿರುಗಿ ಸಿಂಹಾಸನದ ಮೇಲೆ ಕೂರಿಸಿದ. ಆಮೇಲೆ ಆತ ಅರ್ಧ ಶತಮಾನಕ್ಕೂ ಮಿಕ್ಕಿ ಆಳಿದ. ಕತ್ತಿ ಹಿಡಿದು ಎದುರು ನಿಂತರೆ ಎಲ್ಲಿಂದಲೋ ಒಬ್ಬ ಕರ್ಕ ಬಂದೇ ಬರುತ್ತಾನೆ. ತಡೆಯುವವನು ಯಾರೆಂದೇ ಕಾಣದಿದ್ದರೆ ಕರ್ಕ ಯಾರ ಮೇಲೆ ಕತ್ತಿ ಹಿರಿಯಬೇಕು? ನಿಮ್ಮ ಜನರಲ್‌ಗಳಿಗೆ ಹೊಳೆಯದ್ದು ಇದೇ.

ವಿಮಾನದ ವಿಷಯಕ್ಕೆ ಬಂದರೂ ನೀವು ಹಿಂದೆಯೇ. ನಮ್ಮ ಚಿಂಚೋಳಿಯ ವೀರೇಂದ್ರ ಪಾಟೀಲರು 1989ರಲ್ಲಿ ಕಾಂಗ್ರೆಸ್ಸಿಗೆ 224ರಲ್ಲಿ 178 ಸ್ಥಾನ ತಂದುಕೊಟ್ಟು ಮುಖ್ಯಮಂತ್ರಿ ಆದವರು. ಮರುವರ್ಷ ಅಕ್ಟೋಬರಿನಲ್ಲಿ ಅವರು ಹುಷಾರಿಲ್ಲದೆ ಇದ್ದಾಗ, ರಾಜೀವ್ ಗಾಂಧಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನಿಂತು ನಾಯಕತ್ವ ಬದಲು ಎಂದು ಹೇಳಿ ವಿಮಾನ ಹತ್ತಿದರು. ಅಷ್ಟೇ, ಕೆಲಸ ಆಯಿತು. ನೀವು ಬರೀ ವಿಮಾನ ಹತ್ತಿದಿರಿ.

ಇವು ಹಳೆಯವು. ಈಗಿನ ವಿದ್ಯೆ ಕಲಿಯಬೇಕೆಂದರೆ ಪುರಸಭೆಗೇ ಬರಬೇಕು. ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿಗಳಲ್ಲಿ ಪುರಸಭೆ, ನಮ್ಮದು ನಗರಸಭೆ. ಇಲ್ಲೆಲ್ಲ ಊರಿಗೊಬ್ಬ ಅಧ್ಯಕ್ಷರು. ಅವರನ್ನು ಆರಿಸುವುದು ನಾವಲ್ಲ, ನಾವು ಗೆಲ್ಲಿಸಿದ ಸದಸ್ಯರು. ಜೊತೆಗೆ ಶಾಸಕರಿಗೂ ಸಂಸದರಿಗೂ ಒಂದೊಂದು ಓಟು. 2018ರ ಆಗಸ್ಟ್ 31ರಂದು ರಾಜ್ಯದ ನೂರಕ್ಕೂ ಹೆಚ್ಚು ನಗರ ಸಂಸ್ಥೆಗಳಿಗೆ ಮತದಾನ ಆಯಿತು, ಸೆಪ್ಟೆಂಬರ್ 3ಕ್ಕೆ ಎಣಿಕೆ. ಬೆನ್ನಿಗೇ ಅಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿಯ ತಕರಾರು ಹೈಕೋರ್ಟ್ ಸೇರಿತು. ಪಟ್ಟಿ ಬಂತು, ಬದಲಾಯಿತು, ತಡೆ ಬಿತ್ತು. ಅಧ್ಯಕ್ಷರು ಕುರ್ಚಿ ಕಂಡದ್ದು 2020ರ ಅಕ್ಟೋಬರ್ ಬಂದ ಮೇಲೆ. ಎರಡು ವರ್ಷಕ್ಕೂ ಮಿಕ್ಕಿ! ಗೆದ್ದವರು ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿ, ಚರಂಡಿ ತುಂಬಿದೆ ಎಂದು ಬಂದ ಓಣಿಯವರಿಗೆ ಚಹಾ ಕುಡಿಸಿ ಕಳಿಸುವುದಷ್ಟೇ ಬಾಕಿ. ಆಡಳಿತಾಧಿಕಾರಿಗಳು ಸಹಿ ಹಾಕುತ್ತಿದ್ದರು.

ಒಮ್ಮೆ ಆಗಿದ್ದರೆ ಆಕಸ್ಮಿಕ ಅನ್ನಬಹುದಿತ್ತು. ಎರಡೂವರೆ ವರ್ಷದ ಮೊದಲ ಅವಧಿ 2023ರಲ್ಲಿ ಮುಗಿಯಿತು. ಎರಡನೆಯದಕ್ಕೆ ಪಟ್ಟಿ ಹೊರಬಿದ್ದದ್ದು 2024ರ ಆಗಸ್ಟಿನಲ್ಲಿ. (ಮೀಸಲಾತಿಯ ಮೇಲೆ ನನಗೆ ತಕರಾರಿಲ್ಲ. ಅದಿಲ್ಲದಿದ್ದರೆ ಆ ಕುರ್ಚಿಯ ಹತ್ತಿರ ಎಷ್ಟೋ ಜನರನ್ನು ಬಿಟ್ಟುಕೊಳ್ಳುತ್ತಲೇ ಇರಲಿಲ್ಲ. ನಾನು ಹೊಗಳುತ್ತಿರುವುದು ಪಟ್ಟಿ ಮಾಡುವವರ ಸಾವಧಾನವನ್ನು.)

ವಾಡಿ ಜಂಕ್ಷನ್ನಿನ ಔಟರ್‌ನಲ್ಲಿ ನಿಂತ ರೈಲನ್ನು ಎಂದಾದರೂ ನೋಡಿದ್ದೀರಾ? ಯಾರೂ ಹಳಿ ಕಿತ್ತಿರುವುದಿಲ್ಲ, ಚಾಲಕನನ್ನು ಕಟ್ಟಿಹಾಕಿರುವುದಿಲ್ಲ. ಸಿಗ್ನಲ್ ಆಗಿಲ್ಲ, ಅಷ್ಟೇ. ಒಳಗಿನವರು ಬೈಯಬೇಕೆಂದರೂ ಯಾರನ್ನು ಬೈಯಬೇಕು? ನೀವು ಹಳಿ ಕೀಳಲು ಹೋಗಿ ಸಿಕ್ಕಿಬಿದ್ದಿರಿ. ನಮ್ಮಲ್ಲಿ ಸರ್ಕಾರ ಕೋರ್ಟಿನ ಕಡೆ ಕೈ ತೋರಿಸುತ್ತದೆ, ಕೋರ್ಟಿಗೆ ಹೋದವರು ಪಟ್ಟಿಯ ಕಡೆ, ಪಟ್ಟಿ ಮತ್ತೆ ಸರ್ಕಾರದ ಕಡೆ. ಪಕ್ಷ ಯಾವುದಾದರೂ ಇದರಲ್ಲಿ ಭೇದವಿಲ್ಲ: ಆ ವರ್ಷಗಳಲ್ಲಿ ಮೂರೂ ಪಕ್ಷದವರು ಅಧಿಕಾರದಲ್ಲಿ ಇದ್ದು ಹೋದರು. ಒಬ್ಬರ ಕಾಲಿಗೂ ನಿಗಾ ಯಂತ್ರ ಬೀಳಲಿಲ್ಲ.

ಇನ್ನು ಸ್ನಾತಕೋತ್ತರ ಮಟ್ಟದ ಪಾಠ. ಜಿಲ್ಲಾ, ತಾಲೂಕು ಪಂಚಾಯತಿಗಳಿಗೆ ಕೊನೆಯ ಚುನಾವಣೆ ಆದದ್ದು 2016ರಲ್ಲಿ. 2021ರಲ್ಲಿ ಅವಧಿ ಮುಗಿಯಿತು. ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ಚುನಾವಣಾ ಆಯೋಗದಿಂದ ತೆಗೆದು ಬೇರೊಂದು ಆಯೋಗಕ್ಕೆ ಕೊಟ್ಟರು. ಆಮೇಲೆ ಗಡಿ, ಮೀಸಲಾತಿ, ಕೋರ್ಟು, ಮತ್ತೆ ಗಡಿ. ವರ್ಷಗಳೇ ಉರುಳಿದವು. ಗೆದ್ದ ಅಧ್ಯಕ್ಷರನ್ನು ತಡೆಯಲು ನೀವು ಅಷ್ಟು ಬೆವರಿದಿರಿ. ಇಲ್ಲಿ ಯಾರೂ ಗೆಲ್ಲದಂತೆಯೇ ನೋಡಿಕೊಂಡರು. ಚುನಾವಣೆಯೇ ಇಲ್ಲವೆಂದ ಮೇಲೆ ಪ್ರಮಾಣವಚನವನ್ನು ತಡೆಯುವ ದರ್ದು ಯಾರಿಗೆ?

ನಿಮ್ಮವರು ಯಾರಾದರೂ ಕಲಿಯಲು ಬರುವುದಿದ್ದರೆ ಅರ್ಜಿ ಬರೆದು ಟಪಾಲು ವಿಭಾಗದಲ್ಲಿ ಕೊಟ್ಟು, ಒಂದು ಪ್ರತಿಗೆ ಮೊಹರು ಹಾಕಿಸಿಕೊಳ್ಳಲಿ. ತರಗತಿ ಎಂದು ಶುರು ಎಂದು ಮಾತ್ರ ಕೇಳಬಾರದು. ಪಟ್ಟಿ ಇನ್ನೂ ಬಂದಿಲ್ಲ.

ಇತಿ,
ಶಹಾಬಾದಿನ ಒಬ್ಬ ಮತದಾರ